ಹೆಬ್ಬಾಗಿಲು, ಅಗಸಿ, ಗೇಟು: ಊರ ಹೆಸರುಗಳಲ್ಲಿ ಬಾಗಿಲು

ಊರಿನ ಪ್ರವೇಶದ್ವಾರಕ್ಕೆ ಇದ್ದ ಹೆಸರು ಕ್ರಮೇಣ ಆ ಜಾಗಕ್ಕೇ, ಒಮ್ಮೊಮ್ಮೆ ಇಡೀ ಊರಿಗೇ ಹೆಸರಾಗಿ ನಿಲ್ಲುವುದು ಲೋಕದ ಹಲವೆಡೆ ಕಂಡುಬರುವ ಸ್ಥಳನಾಮ ರೂಢಿ. ಜರ್ಮನ್ ನುಡಿಯಲ್ಲಿ ‘ಟೋರ್’, ಮರಾಠಿಯಲ್ಲಿ ‘ವೇಸ್’, ಉರ್ದುವಿನಲ್ಲಿ ‘ದರ್ವಾಜ’, ತಮಿಳಿನಲ್ಲಿ ‘ವಾಯಿಲ್’ ಈ ಕೆಲಸ ಮಾಡುತ್ತವೆ. ಕನ್ನಡಕ್ಕೆ ಒಂದೇ ಪದ ಸಾಲಲಿಲ್ಲ. ಬಾಗಿಲು, ಹೆಬ್ಬಾಗಿಲು, ಅಗಸಿ, ಉಕ್ಕಡ ಎಂಬ ಹಳೆಯ ಪದಗಳ ಜೊತೆಗೆ ನಾಕಾ, ಗೇಟು ಎಂಬ ಎರವಲು ಪದಗಳೂ ಇಲ್ಲಿ ಊರು ಕೇರಿಗಳ ಗುರುತಾಗಿವೆ. ಇವುಗಳಲ್ಲಿ ಬಹುಪಾಲು ಕಡೆ ಕಲ್ಲಿನ ಕಮಾನಾಗಲಿ ಕಬ್ಬಿಣದ ಕದವಾಗಲಿ ಇಂದು ಉಳಿದಿಲ್ಲ. ಉಳಿದಿರುವುದು ಬಸ್ಸಿನ ಕಂಡಕ್ಟರು ಕೂಗುವ ಹೆಸರು ಮಾತ್ರ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಬಿ.ಎಚ್. ರಸ್ತೆಯ ಮೇಲಿರುವ ಮಾಚೇನಹಳ್ಳಿಯ ಹೆಸರಿನಲ್ಲಿ ಬಾಗಿಲಿಲ್ಲ. ಮಾಚ ಎಂಬ ವ್ಯಕ್ತಿನಾಮಕ್ಕೆ ಹಳ್ಳಿ ಸೇರಿ ಆದ ಹೆಸರದು. ಹಳೆಯ ಕನ್ನಡ ಶಾಸನಗಳಲ್ಲಿ ಮಾಚ, ಮಾಚಯ್ಯ ಎಂಬವರು ಹೇರಳವಾಗಿ ಸಿಗುತ್ತಾರೆ. ಆದರೆ ಊರು ಕೂತಿರುವ ಜಾಗ ಬಾಗಿಲಿನ ಹೆಸರುಗಳನ್ನು ಅರಿಯಲು ಹೇಳಿ ಮಾಡಿಸಿದ ಹಾಗಿದೆ. ಪೂರ್ವದಿಂದ ಬರುವವರಿಗೆ ‘ಮಲೆನಾಡಿನ ಹೆಬ್ಬಾಗಿಲು’ ಎನಿಸಿಕೊಂಡ ಶಿವಮೊಗ್ಗ ಇನ್ನೇನು ಬಂತು ಎನ್ನುವುದು ಇಲ್ಲಿಯೇ. ಕೈಗಾರಿಕಾ ಪ್ರದೇಶ, ಹಾಲು ಒಕ್ಕೂಟದ ಡೈರಿ, ಮೀಸಲು ಪೊಲೀಸ್ ಪಡೆಯ ಎಂಟನೇ ಬೆಟಾಲಿಯನ್ನಿನ ನೆಲೆ, ಹೀಗೆ ಈಗಿನ ಕಾಲದ ದೊಡ್ಡ ದೊಡ್ಡ ಗೇಟುಗಳು ಈ ಸುತ್ತಿನಲ್ಲಿವೆ. ಹತ್ತಿರದಲ್ಲೇ 1899ರಲ್ಲಿ ತೆರೆದ ಬೀರೂರು–ಶಿವಮೊಗ್ಗ ರೈಲುದಾರಿ, ಅದರ ಉದ್ದಕ್ಕೂ ರೈಲ್ವೆ ಗೇಟುಗಳು.

ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆಗಳನ್ನು ದಾಟಿ ಅದು ಭದ್ರಾವತಿಗೆ ಬರುತ್ತದೆ. ಇದೇ ರಸ್ತೆಯ ಮೇಲಿರುವ ತುಮಕೂರಿನಲ್ಲಿ ಶಿರಾ ಗೇಟ್ ಇದೆ, ಗುಬ್ಬಿ ಗೇಟ್ ಇದೆ. ಎರಡೂ ಇರುವುದು ತುಮಕೂರಿನ ಒಳಗೆ. ಶಿರಾ ಪಟ್ಟಣ ಅಲ್ಲಿಂದ ಬಹುದೂರ, ಗುಬ್ಬಿ ಇನ್ನೊಂದು ದಿಕ್ಕಿಗೆ. ಹೊಸಬರಿಗೆ ಗಲಿಬಿಲಿಯಾಗಬಹುದು, ಆದರೆ ಇದರ ತರ್ಕ ಗಟ್ಟಿಯಾದದ್ದು. ಬಾಗಿಲಿಗೆ ಹೆಸರು ಬರುವುದು ಅದು ಕಾಯುವ ಊರಿನಿಂದಲ್ಲ, ಅದರಿಂದ ಹೊರಟ ದಾರಿ ಮುಟ್ಟುವ ಊರಿನಿಂದ. ಒಳಗಿದ್ದವನಿಗೆ ತನ್ನೂರಿನ ಹೆಸರನ್ನು ಹೇಳಿಕೊಳ್ಳುವ ಅಗತ್ಯವಿಲ್ಲ. ಅವನಿಗೆ ಬೇಕಾದದ್ದು ಯಾವ ಬಾಗಿಲಿನಿಂದ ಹೊರಬಿದ್ದರೆ ಎಲ್ಲಿಗೆ ಹೋಗಬಹುದು ಎಂಬ ತಿಳಿವಳಿಕೆ.

ಈ ತರ್ಕವನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದ ಊರು ಬರ್ಲಿನ್. ಜಗತ್ತೆಲ್ಲ ಬಲ್ಲ ಬ್ರಾಂಡೆನ್‌ಬುರ್ಗರ್ ಟೋರ್, ಅಂದರೆ ಬ್ರಾಂಡೆನ್‌ಬುರ್ಗ್ ಬಾಗಿಲು, ಪಶ್ಚಿಮಕ್ಕಿರುವ ಬ್ರಾಂಡೆನ್‌ಬುರ್ಗ್ ಪಟ್ಟಣದ ದಾರಿಯಲ್ಲಿ ನಿಂತದ್ದು. ಈಗಿನ ಕಟ್ಟಡ 1788ರಿಂದ 1791ರ ನಡುವೆ ಕಾರ್ಲ್ ಗೊಟ್‌ಹಾರ್ಡ್ ಲಾಂಗ್‌ಹಾನ್ಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಅದು ಸೇರಿಕೊಂಡಿದ್ದ ಗೋಡೆಯಾದರೋ ಶತ್ರುಗಳನ್ನು ತಡೆಯಲು ಕಟ್ಟಿದ್ದಲ್ಲ. 1730ರ ದಶಕದಲ್ಲಿ ಸರಕಿನ ಮೇಲೆ ಸುಂಕ ಎತ್ತಲಿಕ್ಕೂ ಸೈನಿಕರು ಓಡಿಹೋಗದಂತೆ ನೋಡಲಿಕ್ಕೂ ಎಬ್ಬಿಸಿದ್ದು. 1860ರ ದಶಕದಲ್ಲಿ ಅದನ್ನು ಕೆಡವತೊಡಗಿದರು. ಅದರ ಬಾಗಿಲುಗಳ ಪೈಕಿ ಬ್ರಾಂಡೆನ್‌ಬುರ್ಗ್ ಒಂದೇ ಇಂದಿಗೂ ನಿಂತಿದೆ. ಆದರೂ 1902ರಲ್ಲಿ ಬರ್ಲಿನ್ನಿನ ಮೊದಲ ಮೆಟ್ರೊ ಮಾರ್ಗ ತೆರೆದಾಗ ಅದರ ನಿಲ್ದಾಣಗಳಿಗೆ ಕೊಟ್‌ಬುಸರ್ ಟೋರ್, ಹಾಲೆಶೆಸ್ ಟೋರ್, ಶ್ಲೇಸಿಶೆಸ್ ಟೋರ್ ಎಂದೇ ಹೆಸರಿಟ್ಟರು. ಕೊಟ್‌ಬುಸ್ ಪಟ್ಟಣದ ದಾರಿ, ಹಾಲೆ ಪಟ್ಟಣದ ದಾರಿ, ಸೈಲೀಷಿಯಾ ಸೀಮೆಯ ದಾರಿ ಎಂಬ ಗುರುತು ಹಾಗೇ ಉಳಿಯಿತು. ಕೊಟ್‌ಬುಸ್ ಪಟ್ಟಣದ ಹೆಸರಿನ ಕಾಗುಣಿತ ಮುಂದೆ ಬದಲಾದರೂ ನಿಲ್ದಾಣದ ಫಲಕ ಹಳೆಯ ಅಕ್ಷರವನ್ನೇ ಇಟ್ಟುಕೊಂಡಿದೆ. ಉತ್ತರದ ಲ್ಯೂಬೆಕ್ ಪಟ್ಟಣದ ಹೋಲ್‌ಸ್ಟೆನ್‌ಟೋರ್ 15ನೇ ಶತಮಾನದ್ದು. ಹೋಲ್‌ಸ್ಟೈನ್ ಸೀಮೆಯ ಕಡೆಗೆ ಮುಖ ಮಾಡಿದ್ದರಿಂದ ಅದಕ್ಕೆ ಆ ಹೆಸರು.

ಜರ್ಮನ್ನಿನ ಟೋರ್ ಕನ್ನಡಿಗರಿಗೆ ದೂರದ ಪದವೇನಲ್ಲ. ಅದೂ ಇಂಗ್ಲಿಷಿನ ಡೋರ್ ಕೂಡ ಸಂಸ್ಕೃತದ ‘ದ್ವಾರ’ದ ಬಳಗಕ್ಕೇ ಸೇರಿದವು. ಮಹಾದ್ವಾರ, ಸ್ವಾಗತದ್ವಾರ ಎಂದು ಬರೆಯುವಾಗ ಕನ್ನಡಿಗರು ಆ ನಂಟಿನ ಪದವನ್ನೇ ಬಳಸುತ್ತಿರುತ್ತಾರೆ. ಕನ್ನಡದ ಸ್ವಂತ ‘ಬಾಗಿಲು’ ಬೇರೆ ಕುಟುಂಬದ್ದು. ತಮಿಳಿನ ವಾಯಿಲ್, ವಾಸಲ್, ತೆಲುಗಿನ ವಾಕಿಲಿ, ತುಳುವಿನ ಬಾಕಿಲ್ ಇದರ ಒಡಹುಟ್ಟುಗಳು. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಯ್–ಬಾಯಿ ಜೋಡಿಯಲ್ಲೂ ಕಾಣುತ್ತದೆ, ಮತ್ತು ಬಾಗಿಲಿಗೂ ಬಾಯಿಗೂ ಮೂಲದಲ್ಲಿ ನಂಟುಂಟು.

ಹೆಸರಿನಲ್ಲೇ ಬಾಗಿಲನ್ನು ಹೊತ್ತ ಕರ್ನಾಟಕದ ದೊಡ್ಡ ಪಟ್ಟಣ ಮುಳಬಾಗಿಲು. ‘ಮೂಡಲ ಬಾಗಿಲು’, ಅಂದರೆ ಮೂಡಣ ದಿಕ್ಕಿನ ಬಾಗಿಲು, ಸವೆದು ಮುಳಬಾಗಿಲಾಯಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಮೈಸೂರು ಪ್ರಸ್ಥಭೂಮಿಯಿಂದ ಪೂರ್ವದ ತಗ್ಗುನಾಡಿಗೆ, ತಿರುಪತಿಗೆ, ಹಳೆಯ ಮದರಾಸು ರಸ್ತೆಗೆ ಇಳಿಯುವವರಿಗೆ ಇದು ನಿಜವಾಗಿಯೂ ಬಾಗಿಲು. ವಿಜಯನಗರದ ಕಾಲದಲ್ಲಿ ಇದು ‘ಮುಳುವಾಯಿ ರಾಜ್ಯ’ದ ಕೇಂದ್ರ, 14ನೇ ಶತಮಾನದಲ್ಲಿ ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದ ಆಳಿ, ತಮಿಳುನಾಡಿನ ಮೇಲೆ ದಂಡೆತ್ತಿ ಮಧುರೆಯವರೆಗೆ ಹೋದ. ಮುಳುವಾಯಿ ಎಂಬ ರೂಪದಲ್ಲಿ ಬಾಗಿಲೂ ಬಾಯಿಯೂ ಒಂದಾಗಿಬಿಟ್ಟಿವೆ. ಶ್ರೀಪಾದರಾಜರ ವೃಂದಾವನವಿರುವ ನರಸಿಂಹತೀರ್ಥ, ಆಂಜನೇಯನ ಗುಡಿ, ಹೆಸರುವಾಸಿ ದೋಸೆ, ಎಲ್ಲವೂ ಇಂದು ಆ ಊರಿಗೆ ಗುರುತು. ಇಂದಿನ 69ನೇ ರಾಷ್ಟ್ರೀಯ ಹೆದ್ದಾರಿ ಹೊನ್ನಾವರದಿಂದ ಹೊರಟು ಶಿವಮೊಗ್ಗ, ಮಾಚೇನಹಳ್ಳಿ, ಭದ್ರಾವತಿಗಳನ್ನು ಹಾದು, ಬಯಲುಸೀಮೆಯನ್ನು ಅಡ್ಡ ಕತ್ತರಿಸಿ, ಮುಳಬಾಗಿಲಿನ ಮೂಲಕ ಆಂಧ್ರದ ಚಿತ್ತೂರಿನತ್ತ ಇಳಿಯುತ್ತದೆ. ಮಲೆನಾಡಿನ ಹೆಬ್ಬಾಗಿಲೂ ಮೂಡಲ ಬಾಗಿಲೂ ಹೀಗೆ ಒಂದೇ ಹೆದ್ದಾರಿಯ ಮೇಲಿವೆ.

ಕೇಳಿದ ಕೂಡಲೇ ಬಾಗಿಲೆನಿಸುವ ಹೆಸರೆಲ್ಲ ಬಾಗಿಲಲ್ಲ. ಬಾಗಲಕೋಟೆಯನ್ನು ‘ಬಾಗಿಲು ಕೋಟೆ’ ಎಂದು ಬಿಡಿಸುವವರಿದ್ದಾರೆ. ಶಾಸನಗಳಲ್ಲಿ ಬಾಗಡಗೆ ಎಪ್ಪತ್ತು ಎಂಬ ಆಡಳಿತ ವಿಭಾಗದ ಉಲ್ಲೇಖ ಸಿಗುವುದರಿಂದ ಆ ವಿವರಣೆ ನಿಲ್ಲುವುದಿಲ್ಲ. ಹೊಯ್ಸಳರ ರಾಜಧಾನಿ ದ್ವಾರಸಮುದ್ರದ ಕಥೆ ಇನ್ನೂ ಸ್ವಾರಸ್ಯದ್ದು. ಶಾಸನಗಳ ಬಳಕೆಯ ರೂಪ ದೋರಸಮುದ್ರ. ರಾಷ್ಟ್ರಕೂಟ ದೊರೆ ಧ್ರುವನ ಇನ್ನೊಂದು ಹೆಸರು ಧೋರ. ಅಲ್ಲಿನ ದೊಡ್ಡ ಕೆರೆಗೆ ಅವನಿಂದಲೇ ಹೆಸರು ಬಂದಿರಬೇಕೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ತಾವು ಯಾದವ ಕುಲದವರು ಎಂದು ಸಾರಿಕೊಳ್ಳುತ್ತಿದ್ದ ಹೊಯ್ಸಳರು ದ್ವಾರಾವತೀಪುರವರಾಧೀಶ್ವರ ಎಂಬ ಬಿರುದು ಧರಿಸಿದ್ದರು. ಅವರಿಗೆ ದೋರ ಎಂಬುದು ದ್ವಾರವಾಗುವುದು ಹಿತವೇ ಆಗಿತ್ತು. ಜರ್ಮನಿಯಲ್ಲಿ ಇದಕ್ಕೆ ಸರಿಸಾಟಿ ಟೋರ್‌ಗೌ ಪಟ್ಟಣ. ಅದರ ಮೊದಲ ಭಾಗ ಟೋರ್ ಎಂದು ಕೇಳಿಸಿದರೂ ಮೂಲ ಸಂತೆ ಎಂಬರ್ಥದ ಸ್ಲಾವ್ ಪದ. ಇಂಥ ಜಾಗದಲ್ಲಿ ಕಿವಿಯನ್ನು ನಂಬದೆ ಹಳೆಯ ಬರಹ ಹುಡುಕುವುದೇ ಸರಿಯಾದ ಕ್ರಮ. ಕನ್ನಡದಲ್ಲಿ ಸ್ಥಳನಾಮಗಳಿಂದ ನಾಡಿನ ಚರಿತ್ರೆಯನ್ನು ಓದುವ ಕೆಲಸಕ್ಕೆ ‘ಎಡೆಗಳು ಹೇಳುವ ಕಂನಾಡ ಕಥೆ’ ಬರೆದ ಶಂ.ಬಾ. ಜೋಶಿ ಹಾಕಿಕೊಟ್ಟ ದಾರಿ ದೊಡ್ಡದು.

ಕೋಟೆಗಳ ಬಾಗಿಲುಗಳಿಗೆ ಬಂದರೆ ಉತ್ತರ ಕರ್ನಾಟಕದ ಸಂಪತ್ತೇ ಬೇರೆ. ವಿಜಯಪುರದ ಆದಿಲಶಾಹಿ ಕೋಟೆಗೋಡೆಯಲ್ಲಿ ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣಕ್ಕೆ ಮನಗೂಳಿ ಬಾಗಿಲು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ ಮೇಲೆ ಮನಗೂಳಿ ಬಾಗಿಲಿಗೆ ಫತೇ ದರ್ವಾಜ, ಅಂದರೆ ಗೆಲುವಿನ ಬಾಗಿಲು, ಎಂಬ ಹೆಸರು ಬಂತು. ಚರಿತ್ರೆಯ ಪುಸ್ತಕಗಳು ಆ ಹೆಸರನ್ನು ಹಿಡಿದುಕೊಂಡವು. ಊರಿನವರು ಮಾತ್ರ ಇಂದಿಗೂ ‘ಮನಗೂಳಿ ಅಗಸಿ’ ಎನ್ನುತ್ತಾರೆ. ಗೆದ್ದ ಬಾದಶಹನ ಹೆಸರಿಗಿಂತ ಮನಗೂಳಿಗೆ ಹೋಗುವ ದಾರಿಯ ನೆನಪು ಗಟ್ಟಿಯಾಯಿತು. ಬಾಗಿಲಿನ ಹೆಸರುಗಳ ಅಧ್ಯಯನದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

‘ಅಗಸಿ’ ಎಂಬ ಪದಕ್ಕೆ ಉತ್ತರ ಕರ್ನಾಟಕದ ಹಳ್ಳಿ ಬದುಕಿನಲ್ಲಿ ಇರುವ ತೂಕ ದಕ್ಷಿಣದವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಊರ ಅಗಸಿ ಎಂದರೆ ಬರಿಯ ಕಲ್ಲುಕಟ್ಟಡವಲ್ಲ. ಹಿರಿಯರು ಕೂತು ಮಾತಾಡುವ ಕಟ್ಟೆ, ಪರವೂರಿನವರನ್ನು ಎದುರುಗೊಳ್ಳುವ, ಮದುವಣಿಗನನ್ನು ಬರಮಾಡಿಕೊಳ್ಳುವ ಜಾಗ ಅದು. ಕಾರಹುಣ್ಣಿಮೆಯ ದಿನ ಸಿಂಗರಿಸಿದ ಎತ್ತುಗಳನ್ನು ಓಡಿಸಿ ‘ಕರಿ ಹರಿಯುವುದು’ ಅಲ್ಲಿಯೇ. ಅಡ್ಡ ಕಟ್ಟಿದ ತೋರಣವನ್ನು ಯಾವ ಬಣ್ಣದ ಎತ್ತು ಮೊದಲು ಹರಿಯಿತು ಎಂಬುದರ ಮೇಲೆ ಆ ವರ್ಷದ ಬೆಳೆಯ ಲೆಕ್ಕ ಹಾಕುತ್ತಾರೆ. ಕೋಟೆಯೇ ಇಲ್ಲದ ಹಳ್ಳಿಗೂ ಅಗಸಿ ಇರುತ್ತದೆ.

ಬೀದರಿನ ಊರಗೋಡೆಯಲ್ಲಿ ಮಂಗಲಪೇಟೆ, ದುಲ್ಹನ್, ಫತೇ, ಶಾಹಗಂಜ್, ತಾಲಘಾಟ್ ಎಂಬ ಐದು ದರ್ವಾಜಗಳು. ಒಳಕೋಟೆಗೆ ಮಾಂಡು, ದಿಲ್ಲಿ, ಕಲ್ಯಾಣಿ, ಕರ್ನಾಟಿಕ್ ದರ್ವಾಜಗಳು ಬೇರೆ. ಮಾಳವದ ಮಾಂಡುವಿನಿಂದ ಹಿಡಿದು ಕರ್ನಾಟಕದ ಸೀಮೆಯವರೆಗೆ ಬಹಮನಿ ರಾಜಧಾನಿಯ ಕಣ್ಣು ಎಲ್ಲೆಲ್ಲಿಗೆ ಹಾಯುತ್ತಿತ್ತು ಎಂಬುದು ಆ ಪಟ್ಟಿಯಲ್ಲೇ ಇದೆ. ಬೆಳಗಾವಿಯ ‘ಗೋವಾವೇಸ್’ ಕೂಡ ಇದೇ ಬಗೆಯದು: ಗೋವಾದ ಕಡೆಯ ವೇಸ್. ಧಾರವಾಡದಲ್ಲಿ ‘ಟೋಲ್ ನಾಕಾ’ ಎಂಬುದು ಎಲ್ಲರಿಗೂ ತಿಳಿದ ನಿಲುಗಡೆ. ಚಿತ್ರದುರ್ಗದ ಕೋಟೆಯ ಬಾಗಿಲುಗಳಿಗೆ ರಂಗಯ್ಯನ ಬಾಗಿಲು, ಸಂತೆ ಬಾಗಿಲು, ಉಚ್ಚಂಗಿ ಬಾಗಿಲು ಎಂಬ ಹೆಸರುಗಳಿವೆ. ರಂಗಯ್ಯನ ಬಾಗಿಲಿನ ಬಳಿ ಈಗ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ದಾರಿ, ದೇವರು, ಸಂತೆ, ಕಟ್ಟಿಸಿದವನ ಹೆಸರು, ಬಾಗಿಲಿಗೆ ಯಾವುದಾದರೂ ಸಲ್ಲುತ್ತದೆ, ಆದರೆ ಹೆಚ್ಚು ಬಾಳುವುದು ದಾರಿಯದೇ.

ಬೆಂಗಳೂರಿನ ಕಥೆ ಬರ್ಲಿನ್ನಿನ ಕಥೆಗೆ ಅಚ್ಚರಿಯಷ್ಟು ಹತ್ತಿರ. 1537ರಲ್ಲಿ ಕೆಂಪೇಗೌಡ ಕಟ್ಟಿದ ಪೇಟೆಗೆ ಉತ್ತರದಲ್ಲಿ ಯಲಹಂಕ, ದಕ್ಷಿಣದಲ್ಲಿ ಆನೇಕಲ್, ಪೂರ್ವದಲ್ಲಿ ಹಲಸೂರು, ಪಶ್ಚಿಮದಲ್ಲಿ ಕೆಂಗೇರಿ ಬಾಗಿಲು. ನಾಲ್ಕೂ ಹೊರಗಿನ ಊರುಗಳ ಹೆಸರು. ತೆಂಕಣ ಬಾಗಿಲು ಕಟ್ಟಿದಷ್ಟು ಸಲ ಬಿದ್ದಾಗ ಕೆಂಪೇಗೌಡನ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿಕೊಟ್ಟುಕೊಂಡಳೆಂದು ಜನಪದ ಕಥೆ ಹೇಳುತ್ತದೆ. ಕೋರಮಂಗಲದಲ್ಲಿ ಆಕೆಯ ನೆನಪಿನ ಗುಡಿಯಿದೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಪಡೆ ಪೇಟೆಯೊಳಕ್ಕೆ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಪೇಟೆಯ ಸುತ್ತಣ ಮಣ್ಣಿನ ಗೋಡೆ, ಕಂದಕ, ಮುಳ್ಳುಬೇಲಿ ಎಲ್ಲ ಊರು ಬೆಳೆದಂತೆ ಅಳಿಸಿಹೋದವು. ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಇಂದಿಗೂ ಇದೆ, ಯಲಹಂಕ ಗೇಟ್ ಆಂಜನೇಯನ ಗುಡಿ ಮೈಸೂರು ಬ್ಯಾಂಕ್ ವೃತ್ತದ ಬಳಿ ಇದೆ. ಕೆಂಗೇರಿ, ಆನೇಕಲ್ ಬಾಗಿಲುಗಳಿಗೆ ಇಂಥ ಆಸರೆ ಸಿಗಲಿಲ್ಲ. ಇತಿಹಾಸ ಬಲ್ಲವರನ್ನು ಬಿಟ್ಟರೆ ಆ ಹೆಸರುಗಳನ್ನು ಹೇಳುವವರಿಲ್ಲ. ಬಾಗಿಲು ಬಿದ್ದ ಮೇಲೆ ಹೆಸರು ಉಳಿಯಬೇಕಾದರೆ ಗುಡಿಯೋ ಠಾಣೆಯೋ ಬಸ್ಸಿನ ನಿಲುಗಡೆಯೋ ಅದನ್ನು ದಿನವೂ ಉಚ್ಚರಿಸಬೇಕು. ಈ ಕಾರಣಕ್ಕೆ ನಿಲ್ದಾಣಗಳಿಗೆ ಹೆಸರಿಡುವ ಅಧಿಕಾರಿಗಳ ಹೊಣೆ ಅವರು ಎಣಿಸುವುದಕ್ಕಿಂತ ದೊಡ್ಡದು.

ಸುಂಕದ ಬಾಗಿಲುಗಳ ಚರಿತ್ರೆ ಕೋಟೆ ಬಾಗಿಲುಗಳಷ್ಟೇ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಸುತ್ತಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಹೇರಿನೆತ್ತು ದಾಟುವ ಜಾಗದಲ್ಲಿ ಕಾವಲೂ ಸುಂಕವೂ ಒಟ್ಟಿಗೇ ಇರುತ್ತಿದ್ದವು. ಇಂಥ ಕಾವಲು ಠಾಣ್ಯಕ್ಕೆ ಉಕ್ಕಡ ಎಂದು ಹೆಸರು. ಶ್ರೀರಂಗಪಟ್ಟಣದ ಬಳಿಯ ಆರತಿ ಉಕ್ಕಡದಲ್ಲಿ, ತುಂಗಭದ್ರೆಯ ದಡದ ಉಕ್ಕಡಗಾತ್ರಿಯಲ್ಲಿ ಆ ಪದ ಇಂದೂ ಕೇಳಿಸುತ್ತದೆ. ಎರಡೂ ಊರುಗಳಿಗೆ ಈಗ ಜನ ಹೋಗುವುದು ದೇವರ ದರ್ಶನಕ್ಕೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ತನ್ನ ಹುಟ್ಟನ್ನು ಹೆಸರಿನಲ್ಲೇ ಹೇಳುತ್ತದೆ, ಅದೇ ರಸ್ತೆಯಲ್ಲಿ ಟೋಲ್‌ಗೇಟ್ ಎಂಬ ನಿಲುಗಡೆಯೂ ಇದೆ. ಕರ್ನಾಟಕದಲ್ಲಿ ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕ 1979ರಲ್ಲಿ ರದ್ದಾಯಿತು. ಪಟ್ಟಣಗಳ ಅಂಚಿನಲ್ಲಿದ್ದ ಬಿದಿರಿನ ಅಡ್ಡಗಳು ಮೇಲೆದ್ದು ಮತ್ತೆ ಕೆಳಗಿಳಿಯಲಿಲ್ಲ. ಅಲ್ಲಿ ಹುಟ್ಟಿದ ಹೆಸರುಗಳಿಗೆ ಆ ಆದೇಶ ತಟ್ಟಲಿಲ್ಲ.

‘ಗೇಟ್’ ಪದ ಹಳೆಯ ಮೈಸೂರು ಸೀಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೆದ್ದಾರಿಯಿಂದ ಹಳ್ಳಿಯ ರಸ್ತೆ ಕವಲೊಡೆಯುವ ಜಾಗವೇ ಆ ಹಳ್ಳಿಯ ಗೇಟ್ ಆಯಿತು. ಹೊಸೂರು ರಸ್ತೆಯ ಕೂಡ್ಲು ಗೇಟ್, ಹುಸ್ಕೂರು ಗೇಟ್, ಬಳ್ಳಾರಿ ರಸ್ತೆಯ ಸಾದಹಳ್ಳಿ ಗೇಟ್ ಹೀಗೆ. ಊರು ಒಳಗೆಲ್ಲೋ ಇರುತ್ತದೆ. ಗೇಟ್ ಎನ್ನುವ ಜಾಗದಲ್ಲಿ ಟೀ ಅಂಗಡಿ, ಪಂಕ್ಚರ್ ಅಂಗಡಿ, ಬಸ್ ಕಾಯುವ ಜನ. ತುಮಕೂರಿನ ಗುಬ್ಬಿ ಗೇಟಿನ ತರ್ಕವೇ ಇಲ್ಲೂ ನಡೆದಿದೆ: ದಾರಿ ಎಲ್ಲಿಗೆ ಹೋಗುತ್ತದೋ ಅದರ ಹೆಸರು ದಾರಿಯ ಬಾಯಿಗೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ತೆರೆದಾಗ ಕೂಡ್ಲು ಗೇಟ್ ಎಂಬ ನಿಲ್ದಾಣವೂ ತೆರೆಯಿತು. ಕೊಟ್‌ಬುಸರ್ ಟೋರ್ ನಿಲ್ದಾಣಕ್ಕೆ ಅಷ್ಟು ಹೊತ್ತಿಗೆ 123 ವರ್ಷ. ಹುಸ್ಕೂರಿನ ನಿಲ್ದಾಣಕ್ಕೆ ಮಾತ್ರ ಹುಸ್ಕೂರು ರಸ್ತೆ ಎಂದು ಹೆಸರಿಟ್ಟರು. ಜನರ ಬಾಯಲ್ಲಿದ್ದ ಗೇಟನ್ನು ಅಲ್ಲಿ ಬಿಟ್ಟದ್ದು ನಷ್ಟವೇ.

ಮಲೆನಾಡಿನ ಪದ್ಧತಿ ಬೇರೆ. ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯಲ್ಲಿ ಹಳ್ಳಿ ದಾರಿಯ ಕವಲಿಗೆ ಕ್ರಾಸ್ ಎನ್ನುವುದೇ ಹೆಚ್ಚು. ಇನ್ನೂ ಹಿಂದಿನ ಪದ ಕೈಮರ. ದಾರಿ ತೋರಲು ಕೈಯಂತೆ ಹಲಗೆ ಚಾಚಿ ನೆಟ್ಟ ಕಂಬ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳಿಗೆ ಹೋಗುವವರನ್ನು ತಡೆದು ನೋಡುವ ತಪಾಸಣಾ ಗೇಟು ಇರುವುದು ಕೈಮರದಲ್ಲಿ. ದಾರಿ ತೋರುವ ಕಂಬದ ಹೆಸರಿನ ಊರಿನಲ್ಲಿ ದಾರಿ ಅಡ್ಡಗಟ್ಟುವ ಗೇಟು ಬಂದು ಕೂತಿದೆ, ಆದರೂ ಹೆಸರು ಕೈಮರವೇ.

ಭದ್ರಾವತಿಯಲ್ಲಿ ಗೇಟು ಎಂದರೆ ಮೊದಲು ನೆನಪಾಗುವುದು ಕಾರ್ಖಾನೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಪಾಳಿಯ ಸೈರನ್ನಿಗೆ ಸಾವಿರಾರು ಸೈಕಲ್ಲುಗಳು ಒಮ್ಮೆಗೇ ಒಳಹೋಗುತ್ತಿದ್ದ, ಹೊರಬರುತ್ತಿದ್ದ ಬಾಗಿಲುಗಳಿವು. ಗೇಟ್ ಪಾಸ್, ಗೇಟ್ ಮೀಟಿಂಗ್ ಎಂಬ ಮಾತುಗಳು ಕಾರ್ಮಿಕರ ಮನೆಮನೆಯ ಕನ್ನಡಕ್ಕೆ ಸೇರಿದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತದ್ದು ಗೇಟಿನ ಮುಂದೆಯೇ. ಕೋಟೆಯ ಬಾಗಿಲಿಗೆ ಇದ್ದ ಹಳೆಯ ಅರ್ಥ, ಒಳಗೆ ಯಾರು ಹೊರಗೆ ಯಾರು ಎಂದು ನಿರ್ಧರಿಸುವ ಗೆರೆ ಎಂಬುದು, ಇಲ್ಲಿ ಜನರ ಅನ್ನಕ್ಕೇ ತಾಕಿತು.

ರೈಲ್ವೆ ಗೇಟುಗಳ ಹೆಸರುಗಳು ಈ ಎಲ್ಲದರಲ್ಲಿ ಕಿರಿಯವು, ಈಗ ಹೆಚ್ಚು ವೇಗವಾಗಿ ಬದಲಾಗುತ್ತಿರುವವೂ ಅವೇ. ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು ಭಾರತೀಯ ರೈಲ್ವೆ 2019ರ ಆರಂಭದ ಹೊತ್ತಿಗೆ ತೆಗೆದುಹಾಕಿತು. ಕಾವಲಿರುವ ಗೇಟುಗಳ ಜಾಗದಲ್ಲೂ ಒಂದೊಂದಾಗಿ ಸೇತುವೆಗಳು ಏಳುತ್ತಿವೆ. ಭದ್ರಾವತಿಯ ಕಡದಕಟ್ಟೆ, ಶಿವಮೊಗ್ಗದ ಸವಳಂಗ ರಸ್ತೆ, ಕಾಶೀಪುರಗಳಲ್ಲಿ ರೈಲು ಬರುವಾಗ ಗೇಟು ಬಿದ್ದು ಎರಡೂ ಬದಿಯಲ್ಲಿ ವಾಹನಗಳ ಸಾಲು ನಿಲ್ಲುವುದು ವರ್ಷಗಟ್ಟಲೆ ಜನರ ಗೋಳಾಗಿತ್ತು. ಈಚಿನ ವರ್ಷಗಳಲ್ಲಿ ಅಲ್ಲೆಲ್ಲ ಮೇಲ್ಸೇತುವೆಯ ಕೆಲಸ ನಡೆಯಿತು. ಮಾಚೇನಹಳ್ಳಿಯಿಂದ ಯಾವ ಕಡೆಗೆ ಹೊರಟರೂ ಪ್ರಯಾಣಿಕನಿಗೆ ಎದುರಾಗುವುದು ಈ ಸೇತುವೆಗಳೇ. ಕಾಶೀಪುರ ಗೇಟ್ ಎಂಬ ಹೆಸರನ್ನು ಹೊಸ ತಲೆಮಾರು ಉಳಿಸಿಕೊಳ್ಳುತ್ತದೋ ಕಾಶೀಪುರ ಬ್ರಿಡ್ಜ್ ಎನ್ನತೊಡಗುತ್ತದೋ ಎಂಬುದು ಬಸ್ಸು, ಆಟೊಗಳಲ್ಲಿ ದಿನವೂ ಆಡುವ ಮಾತಿನಲ್ಲೇ ತೀರ್ಮಾನವಾಗುತ್ತಿದೆ.